ಕೇಳಿದ್ದೀರಿ, ಹೇಳುತ್ತೇನೆ: ಮೂರು ಪಾಲಾದ ಕಾರ್ಖಾನೆ

ಪ್ರಶ್ನೆ: ರಷ್ಯಾದ ಪಿಕಾಲ್ಯೋವೊ ಎಂಬ ಊರಿಗೆ 2009ರಲ್ಲಿ ಪುಟಿನ್ ಹೋಗಿ, ಟಿ.ವಿ. ಕ್ಯಾಮೆರಾಗಳ ಎದುರಿಗೇ ಕಾರ್ಖಾನೆ ಮಾಲೀಕರನ್ನು ಗದರಿಸಿ ಕರಾರಿಗೆ ಸಹಿ ಹಾಕಿಸಿದ ದೃಶ್ಯವನ್ನು ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ. ಅಲ್ಲಿ ಮೂರು ಕಾರ್ಖಾನೆಗಳಿದ್ದವಂತೆ. ಒಂದು ನಿಂತರೆ ಉಳಿದೆರಡು ಏಕೆ ನಿಲ್ಲಬೇಕು? ಕಚ್ಚಾಮಾಲನ್ನು ಬೇರೆ ಕಡೆಯಿಂದ ತರಿಸಬಹುದಿತ್ತಲ್ಲ? (ಓದುಗರೊಬ್ಬರು, ಡೊಂಬಿವಲಿ)

ಉತ್ತರ: ಬೆಳಗಾವಿಯ ಅಲ್ಯೂಮಿನಾ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನೌಕರಿ ಮುಗಿಸಿ ಮುಲುಂಡಿನಲ್ಲಿರುವ ಮಗಳ ಮನೆ ಸೇರಿದವನು ನಾನು. ಈ ಪ್ರಶ್ನೆಗಾಗಿಯೇ ಕಾದಿದ್ದೆನೋ ಏನೋ. ಉತ್ತರ ಉದ್ದವಾದರೆ ಸಂಪಾದಕರು ಕ್ಷಮಿಸಬೇಕು.

ಬೆಳಗಾವಿಯಲ್ಲಿ ನಾವು ಬಾಕ್ಸೈಟ್ ಅದಿರನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಲೋಹಕ್ಕೆ ಮೂಲವಾದ ಬಿಳಿ ಪುಡಿ, ತೆಗೆಯುತ್ತಿದ್ದೆವು. ಉಳಿಯುತ್ತಿದ್ದದ್ದು ಕೆಂಪು ಕೆಸರು. ಒಂದು ಟನ್ ಅಲ್ಯೂಮಿನಾಕ್ಕೆ ಹೆಚ್ಚುಕಡಿಮೆ ಒಂದೂವರೆ ಟನ್ ಕೆಸರು. ಅದನ್ನು ಎಲ್ಲಿ ಸುರಿಯುವುದು ಎಂಬುದೇ ನಿತ್ಯದ ತಲೆನೋವು. ರಷ್ಯಾದಲ್ಲಿ ಒಳ್ಳೆಯ ಬಾಕ್ಸೈಟ್ ಕಡಿಮೆ. ಆದರೆ ಉತ್ತರ ಧ್ರುವದತ್ತ ಚಾಚಿರುವ ಕೋಲಾ ಪರ್ಯಾಯದ್ವೀಪದ ಖಿಬಿನಿ ಬೆಟ್ಟಗಳಲ್ಲಿ ರಂಜಕದ ಗೊಬ್ಬರಕ್ಕೆ ಬೇಕಾದ ಅಪಟೈಟ್ ಹೇರಳವಾಗಿದೆ. ಅದನ್ನು ಬೇರ್ಪಡಿಸಿದ ಮೇಲೆ ನೆಫೆಲಿನ್ ಎಂಬ ಖನಿಜ ರಾಶಿ ರಾಶಿಯಾಗಿ ಉಳಿಯುತ್ತದೆ. ಅದರಲ್ಲಿ ಅಲ್ಯೂಮಿನಾದ ಪಾಲು ಮೂರನೇ ಒಂದಕ್ಕಿಂತಲೂ ಕಡಿಮೆ. ನಮ್ಮ ಕಾರ್ಖಾನೆಯ ಗೇಟಿಗೆ ಅಂಥ ಮಾಲು ಬಂದಿದ್ದರೆ ಲಾರಿಯನ್ನು ಹಾಗೆಯೇ ಹಿಂದಕ್ಕೆ ಕಳಿಸುತ್ತಿದ್ದೆವು.

ಸೋವಿಯತ್ ರಸಾಯನಶಾಸ್ತ್ರಜ್ಞರು ಕಳಿಸಲಿಲ್ಲ. ನೆಫೆಲಿನನ್ನು ಸುಣ್ಣದ ಕಲ್ಲಿನೊಂದಿಗೆ ಬೆರೆಸಿ ಸುತ್ತುವ ಕುಲುಮೆಯಲ್ಲಿ ಸುಮಾರು 1,300 ಡಿಗ್ರಿಗೆ ಕಾಯಿಸಿ, ಆಮೇಲೆ ನೀರಿನಲ್ಲಿ ತೊಳೆದರೆ ಅಲ್ಯೂಮಿನಾ ದ್ರಾವಣಕ್ಕೆ ಇಳಿಯುತ್ತದೆ. ಅದನ್ನು ತೆಗೆದ ದ್ರಾವಣದಲ್ಲಿ ಸೋಡಾ ಮತ್ತು ಪೊಟ್ಯಾಶ್ ಉಳಿಯುತ್ತವೆ: ಗಾಜಿಗೆ, ಸಾಬೂನಿಗೆ, ಗೊಬ್ಬರಕ್ಕೆ. ಕರಗದೆ ಉಳಿದ ಕೆಸರು ಸಿಮೆಂಟಿನ ಅರ್ಧ ತಯಾರಾದ ಹಿಟ್ಟು. ಲೆಕ್ಕ ನೋಡಿ: ಒಂದು ಟನ್ ಅಲ್ಯೂಮಿನಾಕ್ಕೆ ಸುಮಾರು ನಾಲ್ಕು ಟನ್ ನೆಫೆಲಿನ್ ಬೇಕು, ಜೊತೆಗೆ ಒಂಬತ್ತು, ಹತ್ತು ಟನ್ ಸಿಮೆಂಟ್ ಮತ್ತು ಒಂದು ಟನ್ನಿನ ಆಸುಪಾಸು ಸೋಡಾ, ಪೊಟ್ಯಾಶ್ ಸಿಗುತ್ತದೆ. ಬಿಸಾಡುವುದು ಬಹುತೇಕ ಏನೂ ಇಲ್ಲ. ಕೆಂಪು ಕೆಸರಿನ ಗುಡ್ಡ ನೋಡಿ ನೋಡಿ ಬೇಸತ್ತ ನನ್ನಂಥವನಿಗೆ ಇದು ಹೊಟ್ಟೆಕಿಚ್ಚಿನ ವಿಷಯ.

ಪಿಕಾಲ್ಯೋವೊ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಪೂರ್ವಕ್ಕೆ ಸುಮಾರು 240 ಕಿಲೋಮೀಟರ್. ಸುಣ್ಣದ ಕಲ್ಲು ಅಲ್ಲೇ ಸಿಗುತ್ತದೆ; 1930ರ ದಶಕದಲ್ಲಿ ಸಿಮೆಂಟಿನಿಂದ ಶುರುವಾದ ಊರು ಅದು. ಅಲ್ಯೂಮಿನಾ ಘಟಕ 1959ರಲ್ಲಿ ಬಂತು. ನೆಫೆಲಿನ್ ಮಾತ್ರ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಿಂದ ರೈಲಿನಲ್ಲಿ ಬರಬೇಕು. ಎಲ್ಲವೂ ಒಬ್ಬನೇ ಯಜಮಾನನ, ಅಂದರೆ ಸರ್ಕಾರದ ಕೈಯಲ್ಲಿದ್ದಾಗ ಕೆಸರಿಗೆ ಬೆಲೆ ಎಷ್ಟು ಎಂದು ಕೇಳುವವರೇ ಇರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಖಾಸಗೀಕರಣದ ನಂತರ, 2000ರ ದಶಕದಲ್ಲಿ, ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ಒಲೆ ಒಬ್ಬನಿಗೆ, ಸೌದೆ ಒಬ್ಬನಿಗೆ, ಪಾತ್ರೆ ಇನ್ನೊಬ್ಬನಿಗೆ ಹೋದಂತಾಯಿತು. ಅಲ್ಯೂಮಿನಾ ಘಟಕ ರಷ್ಯಾದ ದೊಡ್ಡ ಉದ್ಯಮಿ ಒಲೆಗ್ ದೆರಿಪಾಸ್ಕಾ ಅವರ ಬಾಜೆಲ್‌ಸಿಮೆಂಟ್ ಕಂಪನಿಗೆ, ಸಿಮೆಂಟ್ ಯೂರೋಸಿಮೆಂಟ್‌ಗೆ, ಸೋಡಾ ಮೆಟಾಖಿಮ್‌ಗೆ. ನೆಫೆಲಿನ್ ಗಣಿಯವರು ಇನ್ನೊಬ್ಬರು. ಕೊಳವೆಗಳು ಮಾತ್ರ ಹಾಗೆಯೇ ಉಳಿದವು. ಟನ್ನಿಗೆ 3,000 ಡಾಲರ್ ದಾಟಿದ್ದ ಅಲ್ಯೂಮಿನಿಯಂ ಬೆಲೆ 2009ರ ಆರಂಭದಲ್ಲಿ 1,500ರ ಕೆಳಗಿಳಿದಾಗ ಅಲ್ಯೂಮಿನಾ ಘಟಕ ನಷ್ಟ ಎಂದು ಕೈಚೆಲ್ಲಿತು. ಅದು ನಿಂತ ಕೂಡಲೇ ಸಿಮೆಂಟಿಗೆ ಕೆಸರಿಲ್ಲ, ಸೋಡಾಕ್ಕೆ ದ್ರಾವಣವಿಲ್ಲ. ನೀವು ಕೇಳಿದ ಹಾಗೆ ಬೇರೆ ಕಡೆಯಿಂದ ತರಿಸಲು ಅದು ಅಂಗಡಿಯಲ್ಲಿ ಸಿಗುವ ಮಾಲಲ್ಲ. ಪಕ್ಕದ ಕಾಂಪೌಂಡಿನಿಂದ ಕೊಳವೆಯಲ್ಲಿ ಹರಿದು ಬರಬೇಕಾದದ್ದು. ಮಾರುವವನೂ ಒಬ್ಬನೇ, ಕೊಳ್ಳುವವನೂ ಒಬ್ಬನೇ ಆದ ಕಡೆ ಬೆಲೆ ಎಂಬುದು ಹಗ್ಗಜಗ್ಗಾಟವೇ ಆಗುತ್ತದೆ. ದೆರಿಪಾಸ್ಕಾ ದುರಾಸೆಯ ಮನುಷ್ಯ ಎಂದು ಬೈದವರು ಬಹಳ. ಇರಬಹುದು. ಆದರೆ ಆ ಹಿಸ್ಸೆಯ ಕಾಗದ ಬರೆದವರ ತಲೆಯಲ್ಲಿ ಒಬ್ಬನಾದರೂ ರಸಾಯನಶಾಸ್ತ್ರಜ್ಞನ ಮಾತು ಹೊಕ್ಕಿತ್ತೇ ಎಂಬುದು ನನ್ನ ಸಂಶಯ.

ಪ್ರಶ್ನೆ: ಕೆಲಸ ಹೋದರೆ ಊರು ಬಿಡಬೇಕಪ್ಪ. ನಮ್ಮವರು ಉಡುಪಿಯಿಂದ, ವಿಜಯಪುರದಿಂದ ಮುಂಬಯಿಗೆ ಬರಲಿಲ್ಲವೇ? ರಸ್ತೆ ತಡೆದು ಕೂತರೆ ಹೊಟ್ಟೆ ತುಂಬುತ್ತದೆಯೇ? (ಓದುಗರೊಬ್ಬರು, ಸಾಂತಾಕ್ರೂಜ್)

ಉತ್ತರ: ತುಂಬಿತು ಸ್ವಾಮಿ, ಅವರ ಮಟ್ಟಿಗೆ ತುಂಬಿತು. 2009ರ ಜೂನ್ 2ರಂದು ನೂರಾರು ಜನ ಹೆದ್ದಾರಿಗೆ ಅಡ್ಡ ನಿಂತರು. ಜೂನ್ 4ರಂದು ಆಗ ಪ್ರಧಾನಿಯಾಗಿದ್ದ ಪುಟಿನ್ ಬಂದರು. 4 ಕೋಟಿ ರೂಬಲ್‌ಗೂ ಹೆಚ್ಚಿನ ಸಂಬಳದ ಬಾಕಿ ಅಂದೇ ಸಂದಾಯವಾಯಿತು.

ನಮ್ಮವರು ಬಂದದ್ದು ಬೇರೆ ಬಗೆ. ಖಾನಾವಳಿಯಲ್ಲಿ ಉಂಡು, ಚಾಳಿನ ಒಂದು ಖೋಲಿಯಲ್ಲಿ ಹತ್ತು ಜನ ಮಲಗಿ, ಮನಿಆರ್ಡರ್ ಕಳಿಸುತ್ತಿದ್ದವರಿಗೆ ಹಿಂದೆ ಒಂದು ಊರಿತ್ತು, ಅಂಗೈಯಗಲವಾದರೂ ಗದ್ದೆಯಿತ್ತು. 1982ರ ಗಿರಣಿ ಮುಷ್ಕರದಲ್ಲಿ ಎಷ್ಟೋ ಕಾರ್ಮಿಕರು ಕೊಂಕಣದ ಹಳ್ಳಿಗಳಿಗೆ ಹೋಗಿ ದಿನ ದೂಡಿದ್ದು ನಿಮಗೂ ನೆನಪಿರಬೇಕು. ಸುಮಾರು 22,000 ಜನರಿದ್ದ ಪಿಕಾಲ್ಯೋವೊದಲ್ಲಿ ಕಾರ್ಖಾನೆಯ ಆಚೆಗೆ ಹಿಂದಿರುಗಲು ಅಂಥ ಊರಿಲ್ಲ. ಇರುವುದು ಒಂದು ಫ್ಲಾಟ್. ಕಾರ್ಖಾನೆ ನಿಂತ ದಿನ ಅದನ್ನು ಕೊಳ್ಳುವವರಿಲ್ಲ. ಅದನ್ನು ಮಾರಿದ ದುಡ್ಡಿನಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಒಂದು ಕೋಣೆಯೂ ಬಾರದು. ಇನ್ನೂ ಒಂದು ತೊಡಕು: ಅಲ್ಲಿ ಮನೆಮನೆಗೆ ಗೀಜರ್ ಇಲ್ಲ. ಬಿಸಿನೀರೂ ಚಳಿಗಾಲದ ಶಾಖವೂ ಕಾರ್ಖಾನೆಯ ಉಷ್ಣ ಸ್ಥಾವರದಿಂದ ಕೊಳವೆಯಲ್ಲಿ ಬರುತ್ತವೆ. ಗ್ಯಾಸಿನ ಬಾಕಿ ಕಟ್ಟಲಾಗದೆ ಆ ಮೇ ತಿಂಗಳಲ್ಲಿ ಸ್ಥಾವರ ನಿಂತಿತು, ಇಡೀ ಊರಿಗೆ ಬಿಸಿನೀರು ಹೋಯಿತು. ಸಂಬಳವಿಲ್ಲದೆ ಸಹಿಸಿದ್ದವರು ರಸ್ತೆಗಿಳಿದದ್ದು ಅದಾದ ಮೇಲೆ.

ಪ್ರಶ್ನೆ: ನಮ್ಮಲ್ಲೂ ಇಂಥ ಊರುಗಳಿವೆಯಲ್ಲವೇ? (ಓದುಗರೊಬ್ಬರು, ಪುಣೆ)

ಉತ್ತರ: ಇವೆ. ರಷ್ಯಾದಲ್ಲಿ ಸರ್ಕಾರವೇ ಪಟ್ಟಿ ಮಾಡಿದ ಒಂದೇ ಉದ್ಯಮದ ಊರುಗಳು ಮುನ್ನೂರಕ್ಕೂ ಹೆಚ್ಚು. ನಮ್ಮಲ್ಲಿ ಭದ್ರಾವತಿ ಇದೆ, ಕೋಲಾರದ ಕೆ.ಜಿ.ಎಫ್. ಇದೆ. ಕೆ.ಜಿ.ಎಫ್. ಗಣಿ 2001ರಲ್ಲಿ ಮುಚ್ಚಿತು, ಊರು ಉಳಿಯಿತು. ಏಕೆಂದರೆ ಬೆಂಗಳೂರು ನೂರು ಕಿಲೋಮೀಟರಿನಷ್ಟೇ ದೂರ, ಬೆಳಗಿನ ರೈಲು ಹತ್ತಿದರೆ ಸಂಜೆಗೆ ಮನೆ ಸೇರಬಹುದು. ಪಿಕಾಲ್ಯೋವೊದವರಿಗೆ ಆ ರೈಲಿಲ್ಲ. ಆದ್ದರಿಂದಲೇ ಅವರಿಗೆ ಬೇಕಾದದ್ದು ನೆಫೆಲಿನ್ ಪೂರೈಕೆಯ ಕರಾರು. ಪುಟಿನ್ ಸಹಿ ಹಾಕಿಸಿದ್ದೂ ಅದಕ್ಕೇ. ಮೂರು ಘಟಕಗಳನ್ನು ಮತ್ತೆ ಸರ್ಕಾರಕ್ಕೆ ಸೇರಿಸುವ ಮಸೂದೆಯೊಂದು ಅದೇ ವಾರ ಅಲ್ಲಿನ ಸಂಸತ್ತಿನಲ್ಲಿ ಮಂಡನೆಯಾಗಿತ್ತು. ಅದು ಕಾನೂನಾಗಲಿಲ್ಲ.