‘ಎನ್ನಲಾಗಿದೆ’ ಅಂದರೆ, ಅಂದವರು ಯಾರು?

ನಮಸ್ಕಾರ.

ಇಂಗ್ಲಿಷ್ ನುಡಿಗಟ್ಟುಗಳಲ್ಲಿ ಬರುವ ಬಣ್ಣಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಓದಿಸಿಕೊಂಡು ಹೋಗುತ್ತದೆ. ‘ಬ್ಲೂ ಮೂನ್’ ಭಾಗ ಚೆನ್ನಾಗಿದೆ. ಒಂದೇ ತಿಂಗಳಿನ ಎರಡನೇ ಹುಣ್ಣಿಮೆಗೆ ಆ ಹೆಸರು ಅಂಟಿಕೊಂಡದ್ದು 1946ರ ಮಾರ್ಚ್‌ನಲ್ಲಿ, ‘ಸ್ಕೈ ಅಂಡ್ ಟೆಲಿಸ್ಕೋಪ್’ ಪತ್ರಿಕೆಯಲ್ಲಿ ಜೇಮ್ಸ್ ಹ್ಯೂ ಪ್ರುಯೆಟ್ ಅಮೆರಿಕದ ಮೇನ್ ರಾಜ್ಯದ ಪಂಚಾಂಗವೊಂದನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರಿಂದ ಅಂತ ಬರೆದಿದ್ದೀರಿ. ಆ ಪಂಚಾಂಗದಲ್ಲಿ, ಮೂರು ತಿಂಗಳ ಒಂದು ಋತುವಿಗೆ ನಾಲ್ಕು ಹುಣ್ಣಿಮೆ ಬಿದ್ದರೆ ಮೂರನೆಯದು ಬ್ಲೂ ಮೂನ್. ಯಾರು, ಯಾವಾಗ, ಎಲ್ಲಿ, ಎಲ್ಲವೂ ಇದೆ.

ಉಳಿದದ್ದು ಓದುವಾಗ ಸಿಟ್ಟು ಬಂದದ್ದೂ ಇದೇ ಕಾರಣಕ್ಕೆ. ಇಷ್ಟು ಹುಡುಕಬಲ್ಲವರು ಬೇರೆ ಕಡೆ ಯಾಕೆ ಕೈಬಿಟ್ಟಿರಿ?

ನಿಮ್ಮ ಎರಡನೇ ಪುಟದ ಸಾಲು ಇದು: ‘ಹಿಂದಿನ ಕಾಲದಲ್ಲಿ ಬೆದರಿಕೆ ಪತ್ರಗಳನ್ನು ಕಪ್ಪು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಿದ್ದರು ಎನ್ನಲಾಗಿದೆ. ಹೀಗೆ ಬ್ಲ್ಯಾಕ್‌ಮೇಲ್ ಹುಟ್ಟಿತು.’

‘ಹಿಂದಿನ ಕಾಲ’ ಅಂದರೆ ಯಾವ ಕಾಲ? ಈ ಮಾತು 16ನೇ ಶತಮಾನದ್ದು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿಯಲ್ಲಿ ರೀವರ್‌ಗಳೆಂಬ ದರೋಡೆ ಗುಂಪುಗಳು ರಾತ್ರಿ ಬಂದು ದನ ಹೊಡೆದುಕೊಂಡು ಹೋಗುತ್ತಿದ್ದವು. ಅದನ್ನು ತಪ್ಪಿಸಿಕೊಳ್ಳಲು ರೈತರು ದುಡ್ಡು, ಕಾಳು, ದನ ಕೊಟ್ಟು ಅವರನ್ನು ಸಮಾಧಾನ ಮಾಡಬೇಕಿತ್ತು. ಆ ಕಪ್ಪಕ್ಕೇ ಬ್ಲ್ಯಾಕ್‌ಮೇಲ್ ಎಂದು ಹೆಸರು. ಸ್ಕಾಟ್ಲೆಂಡಿನ ಹಳೇ ಮಾತಿನಲ್ಲಿ ಮೇಲ್ ಅಂದರೆ ಗೇಣಿ, ಕಂದಾಯ. ಅಂಚೆಯ ಮೇಲ್ ಬೇರೆಯೇ, ಅದು ಚೀಲ ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. 1601ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಗಡಿ ಜಿಲ್ಲೆಗಳಿಗಾಗಿ ಕಾನೂನು ಮಾಡಿ, ಈ ಬ್ಲ್ಯಾಕ್‌ಮೇಲ್ ತೆಗೆದುಕೊಳ್ಳುವುದೂ ಅಪರಾಧ, ಕೊಡುವುದೂ ಅಪರಾಧ ಎಂದಿತು. ದನ ಕಳೆದುಕೊಂಡ ರೈತನ ಪಾಡು ನೋಡಿ! ಕೊಡದಿದ್ದರೆ ದರೋಡೆ, ಕೊಟ್ಟರೆ ಶಿಕ್ಷೆ. ನಿಮ್ಮ ಲಕೋಟೆ ಕಥೆ ಇದನ್ನೆಲ್ಲ ಮುಚ್ಚಿಹಾಕಿದೆ.

ಆದರೆ ಲಕೋಟೆಗಿಂತ ಜಾಸ್ತಿ ಚುಚ್ಚಿದ್ದು ‘ಎನ್ನಲಾಗಿದೆ’. ನಿಮ್ಮ ಲೇಖನದುದ್ದಕ್ಕೂ ಅದೇ ತುಂಬಿಕೊಂಡಿದೆ.

ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯ ಪ್ರೂಫ್ ಕೋಣೆಯಲ್ಲಿ. ಆಗಿನ್ನೂ ಒಂದೊಂದೇ ಅಕ್ಷರದ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದರು. ನಾನು ಲೇಖಕರ ಕೈಬರಹವನ್ನು ಜೋರಾಗಿ ಓದಬೇಕು, ಹಿರಿಯ ಪ್ರೂಫ್ ರೀಡರ್ ಇನ್ನೂ ಮಸಿ ಆರದ ಗ್ಯಾಲಿ ಹಾಳೆಯ ಮೇಲೆ ಪೆನ್ಸಿಲ್ ಆಡಿಸುತ್ತಾ ತಾಳೆ ನೋಡಬೇಕು. ‘ಎನ್ನಲಾಗಿದೆ’ ಅಂತ ನಾನು ಓದಿದ ತಕ್ಷಣ ಅವರ ಪೆನ್ಸಿಲ್ ನಿಲ್ಲುತ್ತಿತ್ತು. ‘ಅಂದೋರು ಯಾರಪ್ಪ? ಹೋಗಿ ಕೇಳ್ಕೊಂಡು ಬಾ.’ ನಾನು ಮಹಡಿ ಹತ್ತಿ ಹೋಗಿ ಬರೆದವರನ್ನು ಕೇಳಬೇಕು. ಕೆಲವರು ಗದರುತ್ತಿದ್ದರು. ಕೆಲವರು ಮೇಜಿನ ಡ್ರಾ ಎಳೆದು ಪುಸ್ತಕ ತೆಗೆದು ಪುಟ ತೋರಿಸುತ್ತಿದ್ದರು. ಬಹಳ ಜನ ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿ, ‘ಆ ಸಾಲು ತೆಗೆದುಬಿಡಿ’ ಅನ್ನುತ್ತಿದ್ದರು. ಕೆಳಗೆ ಬಂದು ಹೇಳಿದರೆ ಮೊಳೆ ಜೋಡಿಸುವ ಕಂಪೋಸಿಟರ್ ಗೊಣಗುತ್ತಾ ಚಿಮಟದಲ್ಲಿ ಮೊಳೆಗಳನ್ನು ಒಂದೊಂದಾಗಿ ಎತ್ತುತ್ತಿದ್ದರು. ಒಂದು ಸಾಲು ತೆಗೆಯುವುದಕ್ಕೆ ಎಷ್ಟು ಕೆಲಸ ಅಂತ ಕಣ್ಣಾರೆ ನೋಡಿದವನು ನಾನು. ಆ ಹಿರಿಯರಿಗೆ ಅದು ಕಾಗುಣಿತದ ತಪ್ಪಿನಷ್ಟೇ ತಪ್ಪಾಗಿತ್ತು. ನನಗೂ ಹಾಗೆಯೇ.

ಇನ್ನೊಂದು ಸಾಲು. ‘1837ರಲ್ಲಿ ಇಂಗ್ಲೆಂಡಿನ ಮೆಲ್ಟನ್ ಮೋಬ್ರೆ ಪಟ್ಟಣದಲ್ಲಿ ವಾಟರ್‌ಫರ್ಡ್‌ನ ಮಾರ್ಕ್ವಿಸ್ ಕುಡಿದ ಅಮಲಿನಲ್ಲಿ ಊರಿಗೆ ಕೆಂಪು ಬಣ್ಣ ಬಳಿದ. ಅಂದಿನಿಂದ ಪೇಂಟ್ ದ ಟೌನ್ ರೆಡ್ ಎಂಬ ಮಾತು ಬಳಕೆಗೆ ಬಂತು.’

ಇಲ್ಲಿ ಊರಿದೆ, ಇಸವಿ ಇದೆ, ಹೆಸರಿದೆ. ಘಟನೆಯೂ ನಿಜ. ಏಪ್ರಿಲ್ ತಿಂಗಳಲ್ಲಿ ಆತ ಮತ್ತು ಗೆಳೆಯರು ಸುಂಕದ ಗೇಟಿಗೂ ಒಂದು ಹೋಟೆಲಿನ ಹಂಸದ ಬೊಂಬೆಗೂ ಕೆಂಪು ಬಳಿದರು. ಸುಳ್ಳಿರುವುದು ‘ಅಂದಿನಿಂದ’ ಎಂಬ ಒಂದು ಪದದಲ್ಲಿ. ಕುಡಿದು ಕುಣಿದು ಮೋಜು ಮಾಡುವುದು ಎಂಬ ಅರ್ಥದ ಈ ನುಡಿಗಟ್ಟು ಅಚ್ಚಿನಲ್ಲಿ ಮೊದಲು ಸಿಗುವುದು 1880ರ ದಶಕದ ಆರಂಭದಲ್ಲಿ, ಅದೂ ಅಮೆರಿಕದ ಪತ್ರಿಕೆಯಲ್ಲಿ. ನಡುವೆ ನಲವತ್ತಕ್ಕೂ ಹೆಚ್ಚು ವರ್ಷ. ಅಷ್ಟು ದಿನ ಆ ಮಾತು ಎಲ್ಲಿತ್ತು? ಪೋಲಿ ಶ್ರೀಮಂತನ ಪುಂಡಾಟಿಕೆಯನ್ನು ಬಾಯಿ ಚಪ್ಪರಿಸಿ ಬರೆಯುತ್ತಿದ್ದ ಇಂಗ್ಲೆಂಡಿನ ಪತ್ರಿಕೆಗಳು ಇಂಥ ಮಾತನ್ನು ಸುಮ್ನೆ ಬಿಡುತ್ತಿದ್ದವಾ? ಎರಡು ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದರೆ ಈ ಪ್ರಶ್ನೆ ನಿಮಗೇ ಹೊಳೆಯುತ್ತಿತ್ತು.

ಕೊನೆಯದು ‘ರೆಡ್ ಹೆರಿಂಗ್’, ಅಂದರೆ ಗಮನ ಬೇರೆ ಕಡೆ ತಿರುಗಿಸುವ ವಿಷಯ. ಓಡಿಹೋದ ಕಳ್ಳರು ಪೊಲೀಸ್ ನಾಯಿಗಳನ್ನು ದಾರಿ ತಪ್ಪಿಸಲು ಹೆರಿಂಗ್ ಮೀನನ್ನು ಎಳೆದುಕೊಂಡು ಹೋಗುತ್ತಿದ್ದರು ಎನ್ನಲಾಗಿದೆ, ಅಂತ ಮುಗಿಸಿಬಿಟ್ಟಿದ್ದೀರಿ. ಒಳ್ಳೇ ಕಥೆ ಕೈಯಲ್ಲಿದ್ದೂ ಬಿಟ್ಟುಕೊಟ್ಟಿರಲ್ಲ ಅಂತ ಹೊಟ್ಟೆ ಉರಿಯಿತು. ಕೆಂಪು ಹೆರಿಂಗ್ ಎಂಬ ಜಾತಿಯ ಮೀನೇ ಇಲ್ಲ. ಬೆಳ್ಳಿ ಬಣ್ಣದ ಹೆರಿಂಗನ್ನು ಉಪ್ಪು ಹಚ್ಚಿ ಹೊಗೆ ಹಾಕಿದಾಗ ಅದು ಕಂದುಗೆಂಪಾಗುತ್ತದೆ, ವಾಸನೆ ಗಾಢವಾಗುತ್ತದೆ. 1807ರ ಫೆಬ್ರವರಿ 14ರಂದು ಇಂಗ್ಲೆಂಡಿನ ಪತ್ರಕರ್ತ ವಿಲಿಯಂ ಕಾಬೆಟ್ ತನ್ನ ‘ಪೊಲಿಟಿಕಲ್ ರಿಜಿಸ್ಟರ್’ ವಾರಪತ್ರಿಕೆಯಲ್ಲಿ ಒಂದು ಕಥೆ ಬರೆದ. ತಾನು ಹುಡುಗನಾಗಿದ್ದಾಗ ಮೊಲದ ಬೆನ್ನು ಹತ್ತಿದ ಬೇಟೆನಾಯಿಗಳನ್ನು ಈ ಮೀನು ಎಳೆದು ಬೇರೆ ಕಡೆ ಓಡಿಸಿದೆ ಅಂತ. ನೆಪೋಲಿಯನ್ ಸೋತನೆಂಬ ಸುಳ್ಳು ಸುದ್ದಿಯ ಹಿಂದೆ ಓಡಿ ದೇಶದೊಳಗಿನ ವಿಷಯ ಮರೆತ ಪತ್ರಿಕೆಗಳಿಗೆ ಅವನು ಹಾಕಿದ ಏಟು ಅದು. ಗಮನ ತಪ್ಪಿಸುವ ವಿಷಯ ಎಂಬ ಅರ್ಥ ಬಲವಾಗಿ ಬೇರೂರಿದ್ದು ಆ ಬರಹದಿಂದ. ಪತ್ರಕರ್ತನೊಬ್ಬ ಪತ್ರಕರ್ತರಿಗೆ ಬೈದ ಮಾತು ಇದು. ಕಳ್ಳರೂ ಇಲ್ಲ, ಪೊಲೀಸ್ ನಾಯಿಯೂ ಇಲ್ಲ. ಇದು ನಿಮ್ಮ ಲಕೋಟೆ, ನಾಯಿಗಳಿಗಿಂತ ಎಷ್ಟು ಚೆನ್ನಾಗಿದೆ, ಅಲ್ವಾ?

ನಮ್ಮ ಪತ್ರಿಕೆಗಳೂ ದಿನಾ ಕೆಂಪುಪಟ್ಟಿ, ಬಿಳಿಯಾನೆ, ಪೀತ ಪತ್ರಿಕೋದ್ಯಮ ಅಂತ ಬರೆಯುತ್ತವೆ. ನೀವು ಬರೆದದ್ದನ್ನು ಯಾರೋ ಮೇಷ್ಟ್ರು ಮಕ್ಕಳಿಗೆ ಓದಿ ಹೇಳುತ್ತಾರೆ, ಕ್ವಿಜ್ ಮಾಡುವವರು ಪ್ರಶ್ನೆ ಮಾಡಿಕೊಳ್ಳುತ್ತಾರೆ. ಅದಕ್ಕೇ ಇಷ್ಟು ಕಟ್ಟುನಿಟ್ಟು.

ಹಾಗಾಗಿ ಹೀಗೆ ಮಾಡಿ. ನುಡಿಗಟ್ಟುಗಳ ಉದ್ದನೆ ಪಟ್ಟಿ ಕೈಬಿಡಿ. ಬ್ಲೂ ಮೂನ್ ಇರಲಿ. ಬ್ಲ್ಯಾಕ್‌ಮೇಲ್ ಮತ್ತು ರೆಡ್ ಹೆರಿಂಗ್ ಹೊಸದಾಗಿ, ಕೈತುಂಬಾ ಬರೆಯಿರಿ. ಮೆಲ್ಟನ್ ಮೋಬ್ರೆ ಬೇಕಿದ್ದರೆ ಆ ನಲವತ್ತಕ್ಕೂ ಹೆಚ್ಚು ವರ್ಷದ ಪ್ರಶ್ನೆಯ ಸಮೇತ ಬರಲಿ. ಪ್ರತಿ ಇಸವಿಯ ಎದುರು ಅದು ಎಲ್ಲಿ ಸಿಕ್ಕಿತು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ ಕಳಿಸಿ. ಅಚ್ಚಿಗೆ ಅಲ್ಲ, ನನಗೆ ನೋಡಲು. ಮುಂದಿನ ತಿಂಗಳ 10ರೊಳಗೆ ತಲುಪಿದರೆ ಅದರ ನಂತರದ ಸಂಚಿಕೆಯಲ್ಲಿ ನಾಲ್ಕು ಪುಟ ತೆಗೆದಿಡುತ್ತೇನೆ.