ರಸ್ತೆಯನ್ನು 'ರಸೆತ' ಅಂತ ಓದುವ ಮಗಳು

ಪ್ರಶ್ನೆ: ಮಗಳು ಎರಡನೇ ಕ್ಲಾಸು. ಕಾಗುಣಿತ ಬರುತ್ತೆ, ಆದರೆ ಒತ್ತಕ್ಷರ ಬಂದರೆ ತಪ್ಪು ಓದುತ್ತಾಳೆ, ಇಲ್ಲಾ ಚಿತ್ರ ನೋಡಿ ಏನೋ ಊಹಿಸಿ ಹೇಳುತ್ತಾಳೆ. ತಿದ್ದಿದರೆ ಅಳು. ಏನು ಮಾಡಲಿ?

ಉತ್ತರ: ಮೊದಲು ಅವಳ ತಪ್ಪನ್ನು ಸರಿಯಾಗಿ ನೋಡಿ. 'ರಸ್ತೆ'ಯಲ್ಲಿ ಎತ್ವ ಇರುವುದು ಮೇಲಿನ ಸಕಾರಕ್ಕೆ, ಆದರೆ ಅದರ ಸದ್ದು ಕೇಳುವುದು ಕೆಳಗಿನ ತಕಾರದ ಜೊತೆ. ಕಂಡ ಹಾಗೇ ಓದಿದರೆ 'ರಸೆತ' ಅಂತಲೇ ಆಗುತ್ತೆ ಅಲ್ವಾ? ಅಂದರೆ ಅವಳು ಅಕ್ಷರ ನೋಡಿಯೇ ಓದುತ್ತಿದ್ದಾಳೆ, ಅದು ಒಳ್ಳೆಯದೇ.

ಇಂಥ ಪದ ಬಂದಾಗ ತಕ್ಷಣ ಉತ್ತರ ಹೇಳಿಬಿಡಬೇಡಿ, ಸ್ವಲ್ಪ ಕಾಯಿರಿ. ಆಮೇಲೆ ಬಾಯಲ್ಲೇ ಬಿಡಿಸಿ ತೋರಿಸಿ: ರಸ್, ತೆ. ಚಪ್ಪಾಳೆ ತಟ್ಟಿ ಹೇಳಿಸಿದರೂ ಸರಿ. ಅದೇ ದಿನ ಕಸ್ತೂರಿ, ಆಸ್ತಿ, ಬಸ್ತಿ ಹೀಗೆ ಅದೇ ಒತ್ತಿರುವ ಪದಗಳನ್ನು ಬರೆದು ಕೊಡಿ, ಬೇರೆ ಒತ್ತು ನಾಳೆಗಿರಲಿ. ಅರ್ಕಾವತ್ತನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ, ಅದನ್ನು ಬರೆಯುವುದು ಅಕ್ಷರದ ಪಕ್ಕ, ಓದುವುದು ಮೊದಲು, ಮಕ್ಕಳಿಗೆ ಜಾಸ್ತಿ ಗೊಂದಲ ಮಾಡುವುದು ಅದೇ.

ಊಹೆಯನ್ನು ಪೂರ್ತಿ ನಿಲ್ಲಿಸಬೇಡಿ, ಅದರ ಜಾಗ ಬದಲಿಸಿ. ಮೊದಲು ಅಕ್ಷರ ಕೂಡಿಸಿ ಓದಲಿ, ಆಮೇಲೆ "ನಾಯಿ ರಸೆತ ದಾಟಿತು, ಹೀಗೆ ಯಾರಾದ್ರೂ ಅಂತಾರಾ ಪುಟ್ಟಿ?" ಅಂತ ಕೇಳಿ. ಅವಳೇ ತಿದ್ದಿಕೊಳ್ಳುತ್ತಾಳೆ. ಅಳು ಬಂದ ದಿನ ಸುಮ್ನೆ ನೀವೇ ಓದಿ ಹೇಳಿ, ಅವಳು ಪಕ್ಕ ಕೂತು ಕೇಳಲಿ.