ಹೈಟಿಗೆ ಅಕ್ಕಿ ಕಳಿಸುವ ಮೊದಲು

ಗಂಗಾವತಿಯ ಓದುಗರಿಗೆ ನಮಸ್ಕಾರ.

ಕೆರಿಬಿಯನ್ ಸಮುದ್ರದ ದೇಶ ಹೈಟಿಯ ಹಸಿವಿನ ಬಗ್ಗೆ ನಾವು ಬರೆದದ್ದನ್ನು ಓದಿ ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಅಷ್ಟು ನೆರವು ಸುರಿದರೂ ಆ ದೇಶ ಮೇಲೇಳಲಿಲ್ಲ ಅಂದರೆ ತಪ್ಪು ಅವರದ್ದೇ ಅಲ್ವಾ? ನಮ್ಮ ಗೋದಾಮುಗಳಲ್ಲಿ ಅಕ್ಕಿ ತುಂಬಿರುವಾಗ ಹಡಗುಗಟ್ಟಲೆ ಕಳಿಸಬಾರದೇಕೆ? ನ್ಯಾಯದ ಸಮಾಜದ ಕನಸಿನಿಂದ ಯಾರ ಹೊಟ್ಟೆ ತುಂಬುತ್ತದೆ?

ನೀವು ಭತ್ತ ಬೆಳೆಯುವವರು. ಅಕ್ಕಿಯಿಂದಲೇ ಶುರು ಮಾಡುತ್ತೇನೆ. ಹೈಟಿಯ ಆರ್ಟಿಬೊನೈಟ್ ನದಿಯ ಬಯಲಿನಲ್ಲೂ ಕಾಲುವೆ ನೀರಿನ ಗದ್ದೆಗಳಿವೆ. 1980ರ ಸುಮಾರಿಗೆ ಆ ದೇಶ ತನಗೆ ಬೇಕಾದ ಅಕ್ಕಿಯನ್ನು ಬಹುಪಾಲು ತಾನೇ ಬೆಳೆದುಕೊಳ್ಳುತ್ತಿತ್ತು. ಆಮೇಲೆ ಸಾಲ ಕೊಟ್ಟವರು ಷರತ್ತು ಹಾಕಿದರು: ಮಾರುಕಟ್ಟೆ ತೆರೆಯಿರಿ. ಶೇ. 35ರಷ್ಟಿದ್ದ ಅಕ್ಕಿಯ ಆಮದು ಸುಂಕ 1995ರಲ್ಲಿ ಶೇ. 3ಕ್ಕೆ ಇಳಿಯಿತು. ಸರ್ಕಾರದ ಸಹಾಯಧನದಲ್ಲಿ ಬೆಳೆದ ಅಮೆರಿಕದ ಅಕ್ಕಿ ಅಗ್ಗವಾಗಿ ಬಂದು ಬಿತ್ತು. ಅಲ್ಲಿನ ಜನ ಅದನ್ನು ಮಯಾಮಿ ಅಕ್ಕಿ ಅನ್ನುತ್ತಾರೆ. ಗದ್ದೆ ಬಿಟ್ಟವರು ರಾಜಧಾನಿಯ ಕೊಳೆಗೇರಿ ಸೇರಿದರು. ಸುಂಕ ಇಳಿದಾಗ ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ 2010ರ ಮಾರ್ಚ್‌ನಲ್ಲಿ ಅಲ್ಲಿನ ಸೆನೆಟ್ ಸಮಿತಿಯ ಮುಂದೆ ಕೂತು, ಇದರಿಂದ ತಮ್ಮ ರಾಜ್ಯ ಅರ್ಕಾನ್ಸಾಸಿನ ಕೆಲವು ರೈತರಿಗೆ ಲಾಭವಾಗಿರಬಹುದು, ಆದರೆ ಇದು ತಪ್ಪು ಎಂದು ಒಪ್ಪಿಕೊಂಡರು. ಒಪ್ಪಿಕೊಂಡದ್ದು ಒಳ್ಳೆಯದೇ. ಆದರೆ ಕಳೆದುಹೋದ ಬೇಸಾಯ ಅದರಿಂದ ವಾಪಸ್ ಬರಲಿಲ್ಲ.

ಹಂದಿಯ ಕಥೆ ಇನ್ನೂ ನೋವಿನದು. ಹೈಟಿಯ ಹಳ್ಳಿಗಳಲ್ಲಿ ಕಪ್ಪು ಬಣ್ಣದ ಒಂದು ಸಣ್ಣ ನಾಟಿ ಹಂದಿ ಇತ್ತು. ಮನೆಯ ಎಂಜಲು, ಬಿದ್ದ ಮಾವಿನಹಣ್ಣು, ಗಡ್ಡೆ, ಏನು ಸಿಕ್ಕರೂ ತಿಂದು ಬದುಕುತ್ತಿತ್ತು. ಮಕ್ಕಳ ಶಾಲೆ ಫೀಸಿಗೆ, ಮದುವೆಗೆ, ಕಾಯಿಲೆ ಕಸಾಲೆಗೆ ಒಂದು ಹಂದಿ ಮಾರಿದರೆ ಆಯಿತು. ಬ್ಯಾಂಕಿನ ಮುಖ ನೋಡದವರ ಉಳಿತಾಯ ಅದು. ಅಲ್ಲಿಗೆ ಆಫ್ರಿಕನ್ ಹಂದಿ ಜ್ವರ ಬಂತು. ರೋಗ ತಮ್ಮ ಕಡೆ ಹರಡೀತೆಂಬ ಭಯದಿಂದ ಅಮೆರಿಕ ಮುಂದೆ ನಿಂತು, 1980ರ ದಶಕದ ಮೊದಲ ವರ್ಷಗಳಲ್ಲಿ ಆ ತಳಿಯನ್ನು ಹೆಚ್ಚುಕಮ್ಮಿ ಪೂರ್ತಿ ಕೊಲ್ಲಿಸಿತು. ಬದಲಿಗೆ ಅಮೆರಿಕದ ಅಯೋವಾದಿಂದ ಬಿಳಿ ಹಂದಿಗಳು ಬಂದವು. ಅವಕ್ಕೆ ಶುದ್ಧ ನೀರು ಬೇಕು, ಹೊರಗಿನಿಂದ ತರಿಸಿದ ಮೇವು ಬೇಕು, ಸಿಮೆಂಟ್ ನೆಲ ಮತ್ತು ಸೂರು ಬೇಕು. ಸಾಕುವವರ ಮನೆಯಲ್ಲೇ ಇಂಥ ಸೌಕರ್ಯ ಇರಲಿಲ್ಲ. ಜನ ಆ ಹಂದಿಗಳನ್ನು ನಾಲ್ಕು ಕಾಲಿನ ರಾಜಕುಮಾರರು ಎಂದು ಕರೆದರು. ಲೆಕ್ಕದ ಪುಸ್ತಕದಲ್ಲಿ ಇದೂ ಅಭಿವೃದ್ಧಿ ಯೋಜನೆಯೇ. ಹಂದಿ ಸಾಕುವ ಹೆಂಗಸನ್ನು ಒಂದು ಮಾತು ಕೇಳಿದ್ದರೆ ಇದು ನಡೆಯುತ್ತಿರಲಿಲ್ಲ.

ಇನ್ನು ತಪ್ಪು ಯಾರದ್ದು ಅನ್ನುವುದು. 1957ರಿಂದ 1986ರವರೆಗೆ ಆಳಿದ ಡುವಾಲಿಯೇ ಅಪ್ಪ, ಮಗ ದೇಶವನ್ನು ಲೂಟಿ ಹೊಡೆದದ್ದು ನಿಜ. ಲೂಟಿ ಗೊತ್ತಿದ್ದೂ ಅವರಿಗೆ ಸಾಲ ಕೊಟ್ಟವರಿದ್ದರು, ಅದೂ ನಿಜ. ಇನ್ನೂ ಹಿಂದಕ್ಕೆ ಹೋಗಿ. ಗುಲಾಮರು ದಂಗೆಯೆದ್ದು 1804ರಲ್ಲಿ ಸ್ವತಂತ್ರರಾದ ದೇಶ ಅದು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ತಂದು ನಿಲ್ಲಿಸಿ 15 ಕೋಟಿ ಫ್ರಾಂಕ್ ಕೇಳಿತು. ಯಾತಕ್ಕೆ? ತೋಟದ ಮಾಲೀಕರು ಕಳೆದುಕೊಂಡ ಆಸ್ತಿಗೆ ಪರಿಹಾರವಂತೆ. ಆ ಆಸ್ತಿಯಲ್ಲಿ ಗುಲಾಮರೂ ಸೇರಿದ್ದರು. ಬಿಡುಗಡೆಯಾದವರೇ ತಮ್ಮ ಬೆಲೆ ಕಟ್ಟಬೇಕಾಯಿತು! 1838ರಲ್ಲಿ ಮೊತ್ತ 9 ಕೋಟಿಗೆ ಇಳಿಯಿತು. ಆದರೆ ಅದನ್ನು ತೀರಿಸಲು ಮಾಡಿದ ಸಾಲ, ಸಾಲದ ಮೇಲಿನ ಸಾಲ ಪೂರ್ತಿ ಮುಗಿಯುವ ಹೊತ್ತಿಗೆ 1947 ಬಂದಿತ್ತು. ಇಷ್ಟು ಕಿತ್ತುಕೊಂಡ ಮೇಲೆ ಕೊಡುವುದನ್ನು ನೆರವು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅದು ಬಾಕಿ.

ಕನಸಿನ ಮಾತಿಗೆ ಬರುತ್ತೇನೆ. ಕಬ್ಬಿನ ತೋಟದಲ್ಲಿ ಚಾಟಿ ಏಟು ತಿನ್ನುತ್ತಿದ್ದವರು 1791ರಲ್ಲಿ ದಂಗೆ ಎದ್ದಾಗ ಅವರ ಬಳಿ ಕನಸು ಬಿಟ್ಟು ಇನ್ನೇನಿತ್ತು ಹೇಳಿ. ಈಗಲೂ ಅಲ್ಲಿನ ಹಳ್ಳಿಗರಿಗೆ ತಮ್ಮದೇ ದಾರಿ ಗೊತ್ತಿದೆ. ನಮ್ಮಲ್ಲಿ ಮುಯ್ಯಾಳು ಪದ್ಧತಿ ಇದ್ದ ಹಾಗೆ ಅವರಲ್ಲಿ ‘ಕೊಂಬಿತ್’ ಇದೆ. ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ. 1973ರಲ್ಲಿ ಶುರುವಾದ ಪಾಪಾಯ್ ರೈತ ಚಳವಳಿ ಹಳ್ಳಿ ಹಳ್ಳಿಯಲ್ಲಿ ಗುಂಪು ಕಟ್ಟಿತು, ಗಿಡ ನೆಟ್ಟಿತು, ನಾಟಿ ಬೀಜ ಉಳಿಸಿತು. 2010ರ ಭೂಕಂಪದ ನಂತರ ಅಮೆರಿಕದ ಬೀಜ ಕಂಪನಿ ಮಾನ್ಸಾಂಟೊ ಹೈಬ್ರಿಡ್ ಬೀಜವನ್ನು ದಾನ ಕೊಟ್ಟಾಗ ಆ ರೈತರು ಜೂನ್‌ನಲ್ಲಿ ಬೀದಿಗಿಳಿದು ಅದನ್ನು ಸುಟ್ಟರು. ಪುಕ್ಕಟೆ ಬೀಜ ಸುಡುವುದು ಹುಚ್ಚು ಅನ್ನಿಸಬಹುದು. ಆದರೆ ಹೈಬ್ರಿಡ್ ಬೆಳೆಯ ಬೀಜ ಎತ್ತಿಟ್ಟು ಬಿತ್ತಿದರೆ ಅದೇ ಇಳುವರಿ ಬರದು; ಮುಂದಿನ ವರ್ಷದ ಬಿತ್ತನೆಗೆ ಯಾರ ಮುಂದೆ ಕೈಚಾಚಬೇಕು ಅನ್ನುವುದು ಅವರಿಗೆ ಗೊತ್ತಿತ್ತು. 1992ರಲ್ಲಿ ಬೆಂಗಳೂರಿನಲ್ಲಿದ್ದ ಅಮೆರಿಕದ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ ನಮ್ಮ ರೈತ ಸಂಘ, ಪಾಪಾಯ್ ಚಳವಳಿ, ಎರಡೂ ‘ಲಾ ವಿಯಾ ಕಾಂಪೆಸಿನಾ’ ಎಂಬ ಒಂದೇ ಅಂತರರಾಷ್ಟ್ರೀಯ ರೈತ ಒಕ್ಕೂಟದಲ್ಲಿವೆ.

ಹಾಗಾದರೆ ಅಕ್ಕಿ ಕಳಿಸಬೇಡವೇ? ಭೂಕಂಪವಾದ ವಾರ ಖಂಡಿತ ಬೇಕು. ಆದರೆ ಅದೇ ವರ್ಷ, ಎರಡೇ ತಿಂಗಳಲ್ಲಿ, ಆಗಿನ ಹೈಟಿ ಅಧ್ಯಕ್ಷ ರೆನೆ ಪ್ರೆವಾಲ್ ಪುಕ್ಕಟೆ ಆಹಾರ ಸಾಕು ಅಂದರು. ಅದರಿಂದ ತಮ್ಮ ರೈತರ ಬೆಳೆಯನ್ನು ಕೇಳುವವರೇ ಇರುವುದಿಲ್ಲ ಅನ್ನುವುದು ಅವರ ಚಿಂತೆ. ಈಗ ಬಂದೂಕಿನ ಗುಂಪುಗಳು ಆರ್ಟಿಬೊನೈಟ್ ಬಯಲಿಗೂ ನುಗ್ಗಿ ಎಷ್ಟೋ ಜನ ಗದ್ದೆ ಬಿಟ್ಟು ಓಡಿದ್ದಾರೆ. ಹೊರಗಿನ ಅಕ್ಕಿ ಸದ್ಯಕ್ಕೆ ಬೇಕೇ ಬೇಕು. ನಮ್ಮ ಸರ್ಕಾರ ಕಳಿಸುವುದಾದರೆ, ಅಲ್ಲಿ ಇನ್ನೂ ಬೆಳೆಯುತ್ತಿರುವವರ ಭತ್ತವನ್ನು ಒಳ್ಳೆಯ ಬೆಲೆಗೆ ಕೊಳ್ಳಲು ಮೊದಲು ದುಡ್ಡು ಕೊಡಲಿ. ಕಮ್ಮಿ ಬಿದ್ದಷ್ಟನ್ನು ಮಾತ್ರ ಹಡಗಿಗೆ ಹಾಕಲಿ. ಅದು ಯಾವ ತಿಂಗಳು ಬರಬೇಕು, ಯಾವ ತಿಂಗಳು ಬರಬಾರದು ಅನ್ನುವುದನ್ನು ಅಲ್ಲಿನ ರೈತ ಸಂಘಗಳೇ ಹೇಳಲಿ. ಸುಗ್ಗಿಯ ಹೊತ್ತಿಗೆ ಹೊರಗಿನ ಅಕ್ಕಿ ಬಂದರೆ ಭತ್ತದ ದರ ಏನಾಗುತ್ತದೆ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

— ಸಂಪಾದಕ